ಗುಡ್ಡದಾಚೆಯ ಬೇಲೆಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಇದೇ ಜಾಗದಲ್ಲಿ ಒಬ್ಬ ಓದುಗರು ಗೋಕರ್ಣದ ಬಗ್ಗೆ ಬರೆದಿದ್ದರು. ಬೆತ್ತಲೆ ಮಲಗುತ್ತಿದ್ದ ವಿದೇಶಿಯರು ಜಾಗ ಖಾಲಿ ಮಾಡಿದ್ದೇ ಒಳ್ಳೆಯದಾಯಿತು, ಈಗ ಒಳ್ಳೊಳ್ಳೆ ರೆಸಾರ್ಟ್ ಬರುತ್ತಿವೆ, ಊರಿನ ಮರ್ಯಾದೆ ಉಳಿಯಿತು ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯಲ್ಲೇ ಈ ಮಾತು ಎಷ್ಟೋ ಸಲ ಬಂದಿದೆ. ಆದರೆ ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಅಪ್ಪ ಇಪ್ಪತ್ತು ವರ್ಷ ಅದೇ ಮರಳಿನ ಮೇಲೆ ಚಾ ಅಂಗಡಿ ಇಟ್ಟವರು, ಆ ಬೇಲೆ (ಕಡಲ ದಂಡೆಗೆ ನಮ್ಮ ಕಡೆ ಹೀಗನ್ನುತ್ತೇವೆ) ಕೈತಪ್ಪಿದ್ದು ಹೇಗೆ ಅಂತ ಕಣ್ಣಾರೆ ಕಂಡವಳು ನಾನು. ಅದನ್ನು ಬರೆಯದೆ ಇರಲು ಆಗುತ್ತಿಲ್ಲ.

ಗೋಕರ್ಣಕ್ಕೆ ಬಂದವರಿಗೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಈ ಹೆಸರುಗಳು ಗೊತ್ತಿರುತ್ತವೆ. ಇವುಗಳ ನಡುವೆ, ಗುಡ್ಡದ ಸಂದಿಗಳಲ್ಲಿ, ಹೆಸರಿಲ್ಲದ ಸಣ್ಣ ಸಣ್ಣ ಬೇಲೆಗಳೂ ಇವೆ. ಅಂಥದ್ದೊಂದಕ್ಕೆ ನಾವು ಸುಮ್ನೆ 'ಆಚೆ ಬೇಲೆ' ಅನ್ನುತ್ತಿದ್ದೆವು. ಎಲ್ಲಿ ಅಂತ ಬರೆಯುವುದಿಲ್ಲ, ಯಾರೋ ಒಬ್ಬರ ಮೇಲೆ ಬೊಟ್ಟು ಮಾಡುವುದು ನನ್ನ ಉದ್ದೇಶವಲ್ಲ. ಕುಮಟಾ ತಾಲೂಕಿನ ಈ ಕಡೆಯವರಿಗೆ ಹೇಳದೆಯೂ ಗೊತ್ತಾಗುತ್ತದೆ.

ಮಳೆಗಾಲ ಮುಗಿದ ಮೇಲೆ, ದೀಪಾವಳಿ ಆಸುಪಾಸಿಗೆ ಅಪ್ಪ ತೆಂಗಿನ ಮಡ್ಲು, ಅಂದರೆ ಗರಿ, ಹೊತ್ತು ಗುಡ್ಡ ಇಳಿಯುತ್ತಿದ್ದರು. ನಾಲ್ಕು ಗಳ, ಮೇಲೊಂದು ಮಡ್ಲಿನ ಮಾಡು, ಒಂದು ಸ್ಟೋವ್, ಅಷ್ಟೇ ಅಂಗಡಿ. ಮೇ ತಿಂಗಳಲ್ಲಿ ಎಲ್ಲ ಬಿಚ್ಚಿ ಹೊತ್ತು ತರುತ್ತಿದ್ದರು. ಜೂನಿನಲ್ಲಿ ಕಡಲು ಏರಿ ಬಂದು ಹೋದರೆ ಅಲ್ಲಿ ಅಂಗಡಿ ಇತ್ತು ಅನ್ನುವ ಗುರುತೂ ಉಳಿಯುತ್ತಿರಲಿಲ್ಲ.

ಅಲ್ಲಿಗೆ ಬರುತ್ತಿದ್ದವರು ಹೆಚ್ಚಿನವರು ಗೋವಾದಿಂದ ಇಳಿದು ಬಂದವರು. ಅರವತ್ತರ ದಶಕದ ಕೊನೆಯಿಂದ ಅಂಜುಣಾ ಕಡೆ ಹಿಪ್ಪಿಗಳು ಇದ್ದದ್ದು ಎಲ್ಲರಿಗೂ ಗೊತ್ತು, ಆಮೇಲೆ ಎಂಬತ್ತರ ದಶಕದಲ್ಲಿ ಗೋವಾಕ್ಕೆ ಚಾರ್ಟರ್ ವಿಮಾನ, ದೊಡ್ಡ ಹೋಟೆಲ್, ಜನಜಾತ್ರೆ ಎಲ್ಲ ಬಂದಾಗ ಸದ್ದು ಬೇಡದವರು ದಕ್ಷಿಣಕ್ಕೆ ಸರಿಯುತ್ತಾ ಸರಿಯುತ್ತಾ ನಮ್ಮ ಗುಡ್ಡದ ಹಿಂದೆ ಬಂದು ಸೇರಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತು, ಬರುವವರು ಇನ್ನೂ ಜಾಸ್ತಿ ಆದರು. ಮೈಮೇಲೆ ಬಟ್ಟೆ ಇಲ್ಲದೆ ಈಜುವುದು, ಬಿಸಿಲಿಗೆ ಮಲಗುವುದು ಅವರಲ್ಲಿ ಕೆಲವರ ರೂಢಿ. ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ, ಇವತ್ತಿಗೂ ದೇಶದಲ್ಲಿ ಒಂದೇ ಒಂದು ಕಡಲತೀರಕ್ಕೂ ಅಂಥ ಅನುಮತಿ ಇಲ್ಲ. ಆದರೆ ಆ ಬೇಲೆಗೆ ಗುಡ್ಡ ಹತ್ತಿ ಇಳಿದೇ ಹೋಗಬೇಕಿತ್ತು. ಹೋಗುವವರಿಗೆ ಬಿಟ್ಟರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನನಗೆ ಆಗ ಹನ್ನೊಂದು ವರ್ಷ. ಮೊದಲ ಸಲ ಚಾ ಕೊಡಲು ಹೋದಾಗ ಹೆದರಿ ಗ್ಲಾಸನ್ನು ಮರಳಿಗೇ ಬಿಟ್ಟು ಓಡಿ ಬಂದಿದ್ದೆ. ಅದಾದ ಮೇಲೆ ಅಪ್ಪ ಅಂಗಡಿಯ ಗಳಕ್ಕೆ ನಾಲ್ಕು ಲುಂಗಿ ನೇತು ಹಾಕಿದರು. ನೀಲಿ ಚೌಕಳಿಯವು ಎರಡು, ಕೆಂಪಿನವು ಎರಡು, ಕುಮಟಾ ಪೇಟೆಯಲ್ಲಿ ತಂದದ್ದು. ಚಾ ಬೇಕಾದವರು ನೀರಿನಿಂದ ಎದ್ದು ಬಂದು, ಲುಂಗಿ ಸುತ್ತಿಕೊಂಡು, ಬೆಂಚಿನ ಮೇಲೆ ಕೂತು ಕುಡಿಯಬೇಕು. ಹೋಗುವಾಗ ಬಿಚ್ಚಿ ಮತ್ತೆ ಗಳಕ್ಕೆ ಹಾಕಬೇಕು. ಇದನ್ನು ಯಾರೂ ಬೋರ್ಡು ಬರೆದು ಹಾಕಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಂಡರು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಉಪ್ಪು ನೀರಿಗೆ ಬಣ್ಣ ಹೋಗಿ ಆ ಲುಂಗಿಗಳು ಕೊನೆಗೆ ಗೋಣಿ ಬಣ್ಣಕ್ಕೆ ಬಂದಿದ್ದವು.

ಜರ್ಮನಿಯ ಗಂಡ ಹೆಂಡತಿ ಇಬ್ಬರು ಪ್ರತಿ ವರ್ಷ ಬರುತ್ತಿದ್ದರು. ಬಾಲ್ಟಿಕ್ ಕಡಲಿನ ದಂಡೆಯವರು, ಹಿಂದಿನ ಪೂರ್ವ ಜರ್ಮನಿಯವರು. ಅಪ್ಪನಿಗೆ ಅರ್ಧ ಇಂಗ್ಲಿಷ್, ಅವರಿಗೂ ಅರ್ಧವೇ, ಆದರೂ ಗಂಟೆಗಟ್ಟಲೆ ಮಾತು. ಅವರ ಊರಲ್ಲಿ ಅಜ್ಜಿ, ಮೊಮ್ಮಕ್ಕಳು, ಮೇಷ್ಟ್ರು, ಫ್ಯಾಕ್ಟರಿ ಕೆಲಸದವರು ಎಲ್ಲರೂ ರಜೆಯಲ್ಲಿ ಬಟ್ಟೆ ಇಲ್ಲದೆಯೇ ಕಡಲಿಗೆ ಇಳಿಯುತ್ತಿದ್ದರಂತೆ. 1954ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಲು ನೋಡಿತು, ಜನ ಬಗ್ಗಲಿಲ್ಲ, 1956ರಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಬಿಡಬೇಕಾಯಿತು. 1990ರಲ್ಲಿ ಎರಡೂ ಜರ್ಮನಿ ಒಂದಾದ ಮೇಲೆ ಪಶ್ಚಿಮದ ದುಡ್ಡು ಬಂತು, ಹೋಟೆಲ್ ಬಂತು, ಹೋಟೆಲಿನ ಗಿರಾಕಿಗಳಿಗೆ ಮುಜುಗರ ಆಯಿತು, ಬೆತ್ತಲೆ ಸ್ನಾನದ ತೀರಗಳು ಅಲ್ಲಲ್ಲಿ ಕುಗ್ಗುತ್ತಾ ಬಂದವು. ಆಯಮ್ಮ ಇದನ್ನು ಹೇಳುವಾಗ ಕಣ್ಣಲ್ಲಿ ನೀರು ಬಂದಿತ್ತು. ಬಟ್ಟೆ ಬಿಚ್ಚುವುದಕ್ಕೆ ಇಷ್ಟು ದುಃಖವಾ ಅಂತ ಆಗ ನನಗೆ ಅರ್ಥವಾಗಿರಲಿಲ್ಲ. ಹುಟ್ಟಿದೂರಿನ ದಂಡೆಯಲ್ಲೇ ತಾನು ಹೊರಗಿನವಳಾದೆ ಅನ್ನುವ ಸಂಕಟ ಅದು ಅಂತ ಈಗ ಗೊತ್ತಾಗುತ್ತಿದೆ.

ಇನ್ನೊಂದು ಮಾತು, ಇದನ್ನು ಹೆಂಗಸರು ಮಾತ್ರ ಬಲ್ಲರು. ನಮ್ಮ ಕೇರಿಯ ಹೆಂಗಸರೂ ಆ ಬೇಲೆಗೆ ಹೋಗುತ್ತಿದ್ದರು. ದೇವಸ್ಥಾನದ ಎದುರಿನ ದೊಡ್ಡ ಬೇಲೆಯಲ್ಲಿ ಯಾತ್ರೆಗೆ ಬಂದವರ ಗದ್ದಲ, ಗಂಡಸರ ನೋಟ. ಹಾಗಾಗಿ ಕೆಲಸ ಎಲ್ಲ ಮುಗಿಸಿ, ಇಳಿಬಿಸಿಲಿನಲ್ಲಿ ಆಯಿ (ಅಮ್ಮ), ದೊಡ್ಡಾಯಿ (ದೊಡ್ಡಮ್ಮ), ಪಕ್ಕದ ಮನೆಯವರು ಐದಾರು ಜನ ಆಚೆ ಬೇಲೆಗೆ ಹೋಗಿ ಸೀರೆ ಮೇಲೆತ್ತಿ ಕಟ್ಟಿ, ರವಿಕೆ ಬಿಚ್ಚಿಟ್ಟು, ಸೊಂಟದವರೆಗಿನ ನೀರಲ್ಲಿ ಕೂತು ಬಿಡುತ್ತಿದ್ದರು. ವಿದೇಶಿಯರು ಆ ತುದಿಗೆ, ಇವರು ಈ ತುದಿಗೆ. ಆಮೇಲೆ ಗುಡ್ಡದಿಂದ ಇಳಿಯುವ ತೊರೆಯಲ್ಲಿ ಉಪ್ಪು ತೊಳೆದುಕೊಂಡು ಮನೆಗೆ. "ಅವ್ರು ಯಾರೂ ನಮ್ಮ ಬದಿಗೆ ತಿರುಗಿ ಸೈತ ನೋಡೂದಿಲ್ಲ ಮಾರಾಯ್ತಿ" ಅನ್ನುತ್ತಿದ್ದರು ದೊಡ್ಡಾಯಿ. ಅವರಿಗೆ ಈಗ ಎಂಬತ್ತು ದಾಟಿದೆ. ಕಡಲಿಗೆ ಇಳಿದು ಹದಿನೈದು ವರ್ಷದ ಮೇಲಾಯಿತು. ಕಾಲಿಗೆ ಶಕ್ತಿ ಇದೆ, ಕೂರಲು ಜಾಗ ಇಲ್ಲ.

ಎಲ್ಲ ಚೆನ್ನಾಗಿಯೇ ಇತ್ತು ಅಂತ ನಾನು ಹೇಳುವುದಿಲ್ಲ. ಅಮಲಿನ ಸಾಮಾನು ಬಂತು, ನಮ್ಮೂರಿನ ಹುಡುಗರು ಅದಕ್ಕೆ ಬಿದ್ದರು. ಬಾಟಲಿ, ಪ್ಲಾಸ್ಟಿಕ್ ಬಿದ್ದಿರುತ್ತಿತ್ತು. ಕೆಲವರು ದೇವಸ್ಥಾನದ ಬೀದಿಯಲ್ಲೂ ಅರೆಬಟ್ಟೆಯಲ್ಲಿ ಓಡಾಡಿ ಬೈಸಿಕೊಂಡದ್ದೂ ಉಂಟು, ಅದು ತಪ್ಪೇ. ಅದಕ್ಕೆಲ್ಲ ಕ್ರಮ ಬೇಕಿತ್ತು, ತೆಗೆದುಕೊಂಡರು, ಸರಿ.

ಆದರೆ ಬೇಲೆ ಕೆಟ್ಟದ್ದು ಅಲ್ಲಿಂದ ಅಲ್ಲ. ರಸ್ತೆ ಹತ್ತಿರ ಬಂತು, ಕೈಗೆ ಮೊಬೈಲ್ ಬಂತು. ವಾರಾಂತ್ಯಕ್ಕೆ ಗಾಡಿ ಮಾಡಿಕೊಂಡು ಬಂದ ಹುಡುಗರು ಬಂಡೆಯ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಯುವುದು, ಸಿಳ್ಳೆ ಹೊಡೆಯುವುದು, ದೋಣಿ ಬಾಡಿಗೆಗೆ ಹಿಡಿದು ಹತ್ತಿರ ಹೋಗಿ ನೋಡುವುದು. ಮೊದಲು ಆ ತುದಿಯವರು ಹೋದರು. ಮರುವರ್ಷ ಈ ತುದಿಯ ನಮ್ಮ ಹೆಂಗಸರೂ ಹೋಗುವುದು ಬಿಟ್ಟರು. ಅಷ್ಟರಲ್ಲಿ ಮರ್ಯಾದೆಯ ಮಾತು ದೊಡ್ಡದಾಯಿತು, ಗುಡಿಸಲುಗಳೇ ಅನಾಚಾರದ ಮೂಲ ಅಂತಾಯಿತು, ಮಡ್ಲಿನ ಅಂಗಡಿಗಳನ್ನು ಒಂದೇ ಬೆಳಿಗ್ಗೆ ಕಿತ್ತು ಹಾಕಿದರು. ಅಪ್ಪನ ಬೆಂಚು, ಸ್ಟೋವ್, ಲುಂಗಿ ಎಲ್ಲ ಮರಳಲ್ಲಿ ಬಿದ್ದಿತ್ತು. ತೀರ ಸ್ವಚ್ಛ ಆಯಿತಲ್ಲ, ಇನ್ನು ನಮ್ಮ ಹೆಂಗಸರು ಮಕ್ಕಳು ಧೈರ್ಯವಾಗಿ ಹೋಗಬಹುದು ಅಂತ ಆಯಿ ಆಗ ಸಮಾಧಾನ ಮಾಡಿಕೊಂಡಿದ್ದರು.

ಹೋಗಲು ಆಗಲಿಲ್ಲ. ಎರಡು ವರ್ಷದಲ್ಲಿ ಗುಡ್ಡದ ಇಳಿಜಾರು ಮಾರಾಟವಾಯಿತು. ಜೆಸಿಬಿ ಬಂತು. ಮುಂಡಿಗೆ ಪೊದೆ, ಮರಳನ್ನು ಹಿಡಿದಿಟ್ಟಿದ್ದ ನೇರಳೆ ಹೂವಿನ ಬಳ್ಳಿ ಎಲ್ಲ ಸವರಿ ಹುಲ್ಲುಹಾಸು ಹಾಕಿದರು. ಚಿರೆಕಲ್ಲಿನ ಗೋಡೆ ಎದ್ದಿತು. ನಾವು ಇಳಿಯುತ್ತಿದ್ದ ಮೆಟ್ಟಿಲಿಗೆ ಈಗ ಕಬ್ಬಿಣದ ಗೇಟು. ಹೋದ ಫೆಬ್ರವರಿಯಲ್ಲಿ ದೊಡ್ಡಾಯಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿದ್ದೆ, ಒಮ್ಮೆ ನೋಡಿ ಬರುತ್ತೇನೆ ಅಂದರು ಅಂತ. ಗೇಟಿನ ಹುಡುಗ ಹಿಂದಿಯಲ್ಲಿ ರೂಮ್ ನಂಬರ್ ಕೇಳಿದ. ಅವನದೇನೂ ತಪ್ಪಿಲ್ಲ, ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವನು. ದೊಡ್ಡಾಯಿಗೆ ಅವನು ಕೇಳಿದ್ದು ಅರ್ಥವಾಗಲಿಲ್ಲ. "ಬೇಲೆಗೆ ಹೋಗ್ತೆ ತಮಾ" ಅಂದರು. ಅವನಿಗೆ ಇವರು ಹೇಳಿದ್ದು ಅರ್ಥವಾಗಲಿಲ್ಲ. ಐದು ನಿಮಿಷ ಗೇಟಿನ ಸರಳು ಹಿಡಿದುಕೊಂಡು ನಿಂತು, ಕೆಳಗೆ ಕಾಣುವಷ್ಟು ನೀರು ನೋಡಿ ವಾಪಸು ಬಂದೆವು.

ಮೈ ತೊಳೆಯುತ್ತಿದ್ದ ತೊರೆಯ ಜಾಗದಲ್ಲಿ ಈಗ ಒಂದು ದಪ್ಪ ಪೈಪು. ಸಂಜೆ ಹೊತ್ತು ಅದರಿಂದ ಬೂದು ಬಣ್ಣದ ನೀರು ಸುರಿದು ಮರಳಲ್ಲಿ ಕಾಲುವೆ ಮಾಡಿಕೊಂಡು ಕಡಲಿಗೆ ಹೋಗುತ್ತದೆ, ಕಲ್ಲಿನ ಮೇಲೆಲ್ಲ ಸೋಪಿನ ನೊರೆ ಒಣಗಿ ಅಂಟಿರುತ್ತದೆ. ಬೇಸಿಗೆಯಲ್ಲಿ ನಮ್ಮ ಬಾವಿ ನೀರು ಉಪ್ಪಾಗುತ್ತಿದೆ, ಮೊದಲು ಹಾಗೆ ಆದದ್ದಿಲ್ಲ. ರಾತ್ರಿಯಿಡೀ ದೀಪ. ನಮ್ಮ ಜಿಲ್ಲೆಯ ದಂಡೆಗೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ, ಹೊನ್ನಾವರದ ಕಾಸರಕೋಡು ಟೊಂಕದವರು ಅದನ್ನು ಎಷ್ಟು ಜತನದಿಂದ ಕಾಯುತ್ತಾರೆ ಅಂತ ನೀವೇ ಎಷ್ಟೋ ಸಲ ಬರೆದಿದ್ದೀರಿ. ಒಂದೊಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ. ಒಡೆದು ಹೊರಬಂದ ಮರಿ ಬೆಳಕಿದ್ದ ಕಡೆಗೆ ಹೋಗುತ್ತದೆ. ಮೊದಲು ಬೆಳಕು ಅಂದರೆ ಕಡಲಿನ ಮೇಲಿನ ಆಕಾಶ. ಈಗ ರೆಸಾರ್ಟಿನ ಹಳದಿ ಬಲ್ಬು. ಬಟ್ಟೆ ಇಲ್ಲದೆ ಮಲಗಿದವರಿಂದ ಆಮೆಗೆ ಯಾವ ತೊಂದರೆಯೂ ಆಗಿರಲಿಲ್ಲ, ಅವರು ಕತ್ತಲಾದ ಮೇಲೆ ಒಂದು ಮೇಣದಬತ್ತಿ ಹಚ್ಚಿದರೆ ಅದೇ ಜಾಸ್ತಿ.

ಮೀನುಗಾರರ ಕಷ್ಟ ಇನ್ನೊಂದು. ರಂಪಣಿ ಅಂದರೆ ದಂಡೆಯಿಂದಲೇ ಎಳೆಯುವ ದೊಡ್ಡ ಬಲೆ, ಅದನ್ನು ಎಳೆಯಲು ಊರಿಗೆ ಊರೇ ದಂಡೆಯಲ್ಲಿ ನಿಲ್ಲಬೇಕು. ಎಪ್ಪತ್ತರ ದಶಕದ ಕೊನೆಗೆ ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಪರ್ಸೀನ್ ಬೋಟು ಬಂದು ದೊಡ್ಡ ರಂಪಣಿ ಮಾಯವಾಯಿತು, ಸಣ್ಣ ಎಳೆಬಲೆ ಅಲ್ಲಲ್ಲಿ ಉಳಿದಿದೆ. ಅದಕ್ಕೂ ತೆರೆದ ಹೊಯ್ಗೆ, ಅಂದರೆ ಮರಳು, ಬೇಕಲ್ವಾ? ದಂಡೆಯ ಮೇಲೆ ಬಿಳಿ ಕೊಡೆ, ಒರಗು ಕುರ್ಚಿ ಸಾಲು ಹಾಕಿದರೆ ಹಗ್ಗ ಹಿಡಿದು ನಿಲ್ಲುವುದೆಲ್ಲಿ? ಅತಿಥಿಗಳಿಗೆ ಮೀನಿನ ವಾಸನೆ ಆಗುತ್ತದೆ ಅಂತಲೂ ಹೇಳಿಸಿಕೊಂಡಿದ್ದೇವೆ.

ಕಾನೂನು ಏನು ಹೇಳುತ್ತದೆ ಅಂತ ಮಗನ ಕೈಲಿ ಓದಿಸಿ ತಿಳಿದುಕೊಂಡೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. ಹಳ್ಳಿಗಾಡಿನ ದಂಡೆಯಲ್ಲಿ ಭರತದ ಗೆರೆಯಿಂದ (ಉಬ್ಬರದಲ್ಲಿ ಕಡಲು ಏರಿ ಮುಟ್ಟುವ ಗೆರೆ) 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಅಂತಿತ್ತು. 2019ರ ಜನವರಿಯಲ್ಲಿ ಬಂದ ಹೊಸ ನಿಯಮದಲ್ಲಿ, ಒಂದು ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು, ಉಳಿದ ಕಡೆ 200 ಮೀಟರೇ ಇದೆ. ನಮ್ಮ ಬೇಲೆಗೆ ಯಾವ ಲೆಕ್ಕ ಹಿಡಿದಿದ್ದಾರೆ, ಭರತದ ಗೆರೆ ಎಲ್ಲಿಗೆ ಎಳೆದಿದ್ದಾರೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸುತ್ತಾರೆ. ಅದೇ ಹೊಸ ನಿಯಮದಲ್ಲಿ ಭರತದ ಗೆರೆಯಿಂದ 10 ಮೀಟರ್ ಬಿಟ್ಟು ತಾತ್ಕಾಲಿಕ ಗುಡಿಸಲಂಗಡಿ ಹಾಕಲು ಅವಕಾಶ ಇದೆಯಂತೆ. ಅಂದರೆ ಅಪ್ಪನ ಮಡ್ಲಿನ ಅಂಗಡಿಯಂಥದ್ದೇ. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬಿಯಾಸ್ ನದಿ ದಂಡೆಯ ಮೋಟೆಲೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಕಡಲತೀರ, ಹರಿಯುವ ನೀರು, ಗಾಳಿ, ಕಾಡು ಇವೆಲ್ಲ ಜನರವು, ಸರ್ಕಾರ ಅವುಗಳ ಕಾವಲುಗಾರ ಅಷ್ಟೇ, ಮಾಲೀಕನಲ್ಲ ಅಂತ. ಕೇರಳದ ವೇಂಬನಾಡು ಹಿನ್ನೀರಿನಲ್ಲಿ ನಿಯಮ ಮೀರಿ ಕಟ್ಟಿದ ಕಾಪಿಕೊ ರೆಸಾರ್ಟನ್ನು 2020ರಲ್ಲಿ ಅದೇ ಕೋರ್ಟು ಒಡೆಯಿರಿ ಅಂದಿತು, 54 ವಿಲ್ಲಾ ಇದ್ದದ್ದು, ಒಡೆದರು. ಅಲ್ಲಿ ಆಗುತ್ತದೆ ಅಂದರೆ ಇಲ್ಲಿ ಒಂದು ಗೇಟಾದರೂ ತೆಗೆಸಲು ಆಗುವುದಿಲ್ಲವೇ?

ಬೆತ್ತಲೆ ಸ್ನಾನಕ್ಕೆ ಅನುಮತಿ ಕೊಡಿ ಅಂತ ನಾನು ಕೇಳುತ್ತಿಲ್ಲ, ಆ ಜನ ಇನ್ನು ಬರುವುದೂ ಇಲ್ಲ. ಆ ಹಳೆಯ ಮೆಟ್ಟಿಲ ದಾರಿ ಊರವರಿಗೆ ತೆರೆಯಲಿ, ಹಗಲಿಡೀ, ಯಾರ ರೂಮ್ ನಂಬರೂ ಕೇಳದೆ. ಭರತದ ಗೆರೆಯ ನಕ್ಷೆಯನ್ನು ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ ಪಂಚಾಯ್ತಿ ಗೋಡೆಗೆ ಹಚ್ಚಲಿ, ಗೋಡೆ ಗೆರೆಯ ಒಳಗಿದೆಯೋ ಹೊರಗಿದೆಯೋ ನಾವೇ ಟೇಪು ಹಿಡಿದು ನೋಡುತ್ತೇವೆ. ಆ ಪೈಪು ಮುಚ್ಚಿಸಲಿ. ಆಮೆ ಬರುವ ತಿಂಗಳುಗಳಲ್ಲಿ ಕಡಲ ಕಡೆಯ ದೀಪ ಆರಿಸಲಿ.

ಮರ್ಯಾದೆಯ ಬಗ್ಗೆ ಬರೆದ ಆ ಓದುಗರಿಗೆ ನನ್ನ ಒಂದು ಕೋರಿಕೆ. ಒಮ್ಮೆ ನಮ್ಮ ಮನೆಗೆ ಬನ್ನಿ, ಚಾ ಕುಡಿದು ಆ ಗೇಟಿನವರೆಗೆ ಒಟ್ಟಿಗೆ ನಡೆಯೋಣ. ಸಂಪಾದಕರೇ, ನೀವೂ ಒಬ್ಬ ವರದಿಗಾರರನ್ನು ಕಳಿಸಿ. ಬೆಳಿಗ್ಗೆ ಇಳಿತದ ಹೊತ್ತಿಗೆ ಬಂದರೆ ಬಂಡೆಗಳ ಮೇಲಿನಿಂದ ಸುತ್ತಿ ಬೇಲೆಗೆ ಇಳಿಸಿಕೊಂಡು ಹೋಗುತ್ತೇನೆ, ಪೈಪು ಮತ್ತು ಗೋಡೆ ಎರಡೂ ಅಲ್ಲಿಂದ ಕಾಣುತ್ತವೆ. ಪಾಚಿ ಕಟ್ಟಿದೆ, ಚಪ್ಪಲಿ ಜಾರುತ್ತದೆ, ಬರಿಗಾಲಲ್ಲೇ ಬರಲು ಹೇಳಿ.

ಇಂತಿ,
ಗೋಕರ್ಣದ ಒಬ್ಬ ಓದುಗಳು