ಗೆಳೆಯನಿಗೊಂದು ಪತ್ರ: ಸರ್ಜರಿಯಾದ ರಾತ್ರಿಯೇ ತುಮಕೂರಿಗೆ ಬರಬೇಡ

ಪ್ರೀತಿಯ ಗೆಳೆಯಾ,

ನಿನ್ನೆ ಬೆಳಗ್ಗೆ ಅಮಾನಿಕೆರೆ ಸುತ್ತ ನಡೆಯುವಾಗ ನೀನು ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಕಟ್ಟುವ ಸರ್ಜರಿಯ ವಿಷಯ ತೆಗೆದೆ. ಮುಂದಿನ ತಿಂಗಳು ಮಗಳ ಮದುವೆ, ಅಷ್ಟರೊಳಗೆ ಮಾಡಿಸಿಕೊಂಡು ಬಿಡುತ್ತೇನೆ ಅಂದೆ. ನಾನು ಒಂದು ಸುತ್ತು ಮುಗಿಯುವ ತನಕ ಬಾಯಿ ಬಿಡಲಿಲ್ಲ. ನಿನಗೆ ಬೇಜಾರಾಗಿತ್ತು ಅಂತ ಮನೆಗೆ ಬಂದಮೇಲೆ ಹೊಳೆಯಿತು. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ ಅನ್ನಿಸಿರಬೇಕು, ಅಲ್ವಾ? ಹಾಗಲ್ಲ ಕಣೋ. ನನಗೆ ಅಕ್ಕನ ಆ ರಾತ್ರಿ ನೆನಪಾಯಿತು. ಅದನ್ನು ನಡೆಯುತ್ತಾ ಹೇಳೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಆಸೆಯಲ್ಲಿ ತಪ್ಪೇನೂ ಇಲ್ಲ. ಶುಗರ್ ಬಂದಮೇಲೆ ಒಂದೇ ವರ್ಷದಲ್ಲಿ 18 ಕೆಜಿ ಇಳಿಸಿದೆ. ಅದಕ್ಕೆ ಎಷ್ಟು ಹಟ ಬೇಕು ಅಂತ ಪಕ್ಕದಲ್ಲೇ ನಡೆದ ನನಗೆ ಗೊತ್ತು. ಆದರೆ ಮುಖದ ಕೊಬ್ಬು ಕರಗಿ ಕೆನ್ನೆ ಜೋತುಬಿತ್ತು. ಗಲ್ಲದ ಕೆಳಗೆ ಚರ್ಮ ಸಡಿಲವಾಯಿತು. ಆರೋಗ್ಯ ಸುಧಾರಿಸಿದ ಮನುಷ್ಯನನ್ನು ಹಿಡಿದು ಎಲ್ಲರೂ 'ಯಾಕೆ, ಹುಷಾರಿಲ್ವಾ?' ಅಂತ ಕೇಳುತ್ತಾರೆ. ಕನ್ನಡಿ ಮುಂದೆ ನಿನಗೆ ಏನನ್ನಿಸುತ್ತದೆ ಅಂತ ಅರ್ಥವಾಗುತ್ತದೆ. ನಮ್ಮಕ್ಕನಿಗೂ ಹಾಗೇ ಅನ್ನಿಸಿತ್ತು.

ಮೂರು ವರ್ಷದ ಹಿಂದೆ, ಅವಳ 58ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಸರ್ಜರಿ ಆಯಿತು. ಡಾಕ್ಟರ್ ಒಂದು ರಾತ್ರಿ ಇಲ್ಲೇ ಇರಿ ಅಂದರು. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಎಪ್ಪತ್ತು ಕಿಲೋಮೀಟರ್ ತಾನೇ, ಎರಡು ಗಂಟೆ ದಾರಿ ಅಂದುಕೊಂಡೆ. ಒತ್ತಾಯ ಮಾಡಿ, ಸಹಿ ಹಾಕಿ, ಸಂಜೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ತುಮಕೂರಿಗೆ ಬಂದೆ. ತಪ್ಪು ನನ್ನದು.

ರಾತ್ರಿ ಹತ್ತೂವರೆಗೆ ಬಲಗೆನ್ನೆ ಬಿಗೀತಿದೆ ಅಂದಳು. ಆಪರೇಷನ್ ಆಗಿದೆಯಲ್ಲ, ನೋವು ಇರುತ್ತೆ ಅಂತ ಮಾತ್ರೆ ಕೊಟ್ಟೆ. ಅರ್ಧ ಗಂಟೆಗೆ ಒಂದೇ ಕಡೆ ಊದಿಕೊಂಡಿತು. ಬ್ಯಾಂಡೇಜಿನ ಅಂಚಿನಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಫೋನ್ ಮಾಡಿದರೆ ಡಾಕ್ಟರ್ ಹೇಳಿದ್ದು ಒಂದೇ ಮಾತು: ಈಗಲೇ ಹೊರಡಿ. ಕ್ಯಾತ್ಸಂದ್ರ ದಾಟಿದೆವು, ಡಾಬಸ್‌ಪೇಟೆ ದಾಟಿದೆವು. ನೆಲಮಂಗಲದ ಹತ್ತಿರ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ನನ್ನ ಭುಜ ಹಿಡಿದುಕೊಂಡೇ ಇದ್ದಳು. ಒಂದು ಗಂಟೆ ಹೊತ್ತಿಗೆ ಆಸ್ಪತ್ರೆ ಸೇರಿದೆವು. ಮತ್ತೆ ಆಪರೇಷನ್ ಥಿಯೇಟರಿಗೆ (ಓಟಿ) ಒಯ್ದು, ಹೊಲಿಗೆ ಬಿಚ್ಚಿ, ಹೆಪ್ಪುಗಟ್ಟಿದ ರಕ್ತ ತೆಗೆದರು. ಮುಖ ಉಳಿಯಿತು. ಆದರೆ ಕಿವಿ ಹಿಂದೆ ಐದು ರೂಪಾಯಿ ನಾಣ್ಯದಷ್ಟು ಚರ್ಮ ಕಪ್ಪಾಗಿ ಸತ್ತುಹೋಯಿತು. ಅದು ಮಾಯಲು ಒಂದೂವರೆ ತಿಂಗಳ ಡ್ರೆಸಿಂಗ್ ಬೇಕಾಯಿತು. ಕಲೆ ಈಗಲೂ ಇದೆ. ಅವಳು ಕೂದಲು ಇಳಿಬಿಟ್ಟು ಮುಚ್ಚಿಕೊಳ್ಳುತ್ತಾಳೆ. ನನ್ನನ್ನು ಒಂದು ದಿನವೂ ದೂರಲಿಲ್ಲ.

ಇದಕ್ಕೆ ಹೆಮಟೋಮಾ ಅನ್ನುತ್ತಾರೆ. ಚರ್ಮದ ಅಡಿಯಲ್ಲಿ ರಕ್ತ ಶೇಖರವಾಗುವುದು. ಫೇಸ್‌ಲಿಫ್ಟ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ತೊಂದರೆ ಇದೇ. ಬಹುತೇಕ ಮೊದಲ 24 ಗಂಟೆಯಲ್ಲೇ ಆಗುತ್ತದೆ. ಅರಿವಳಿಕೆ ಇಳಿದಾಗ ಬಿಪಿ ಏರುತ್ತದೆ. ವಾಂತಿ, ಕೆಮ್ಮು, ನೋವು, ತಿಣುಕುವುದು, ಎಲ್ಲವೂ ಅದನ್ನು ಇನ್ನಷ್ಟು ಏರಿಸುತ್ತವೆ. ಮುಚ್ಚಿದ್ದ ಸಣ್ಣ ರಕ್ತನಾಳ ಬಿಚ್ಚಿಕೊಳ್ಳುತ್ತದೆ. ಬೇಗ ತೆಗೆದರೆ ಸರಿಹೋಗುತ್ತದೆ. ತಡವಾದರೆ ಮೇಲಿನ ಚರ್ಮಕ್ಕೆ ರಕ್ತ ಸಿಗದೆ ಅದು ಸಾಯುತ್ತದೆ. ಎರಡೂ ಕಡೆ ಸಮನಾಗಿ ಊದುವುದು ಸಹಜ. ಒಂದೇ ಕಡೆ ಜೋರಾಗಿ ಊದಿ, ಬಿಗಿದು, ನೋವು ಏರುತ್ತಾ ಹೋದರೆ ಅದು ಸಹಜವಲ್ಲ. ಆ ವ್ಯತ್ಯಾಸ ನನಗೆ ಆ ರಾತ್ರಿ ಗೊತ್ತಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಈಗ ನಿನ್ನ ವಿಷಯ. ಗಂಡಸರಲ್ಲಿ ಇದು ಹೆಂಗಸರಿಗಿಂತ ಜಾಸ್ತಿ. ಗಡ್ಡ ಇರುವ ಚರ್ಮಕ್ಕೆ ರಕ್ತ ಓಡಾಟ ಹೆಚ್ಚು, ಅದು ಒಂದು ಕಾರಣ. ಅದರ ಮೇಲೆ ನಿನಗೆ ಬಿಪಿ ಇದೆ. ರಾತ್ರಿ ನುಂಗುವ ಆ ಸಣ್ಣ ಆಸ್ಪಿರಿನ್ ಇದೆ. ದಿನಕ್ಕೆ ಆರೇಳು ಸಿಗರೇಟಿದೆ. ಇಷ್ಟನ್ನು ಜೊತೆಗಿಟ್ಟುಕೊಂಡು ಮುಂದಿನ ವಾರ ಟೇಬಲ್ ಮೇಲೆ ಮಲಗುತ್ತೇನೆ ಅಂದರೆ ನಾನು ಹೇಗೆ ಸುಮ್ನಿರಲಿ?

ಸಿಗರೇಟಿನದ್ದು ಮೊದಲು ಹೇಳುತ್ತೇನೆ. ಫೇಸ್‌ಲಿಫ್ಟ್‌ನಲ್ಲಿ ಕಿವಿ ಮುಂದೆ, ಕಿವಿ ಹಿಂದೆ ಗೆರೆ ಹಾಕಿ, ಕೆನ್ನೆ ಮತ್ತು ಕತ್ತಿನ ಚರ್ಮವನ್ನು ಅಡಿಯಿಂದ ಬಿಡಿಸುತ್ತಾರೆ. ಬಿಡಿಸಿದ ಚರ್ಮಕ್ಕೆ ರಕ್ತ ಬರುವುದು ಮುಖದ ನಡುವಿನ ಕಡೆಯಿಂದ ಮಾತ್ರ. ನಮ್ಮ ತೋಟಕ್ಕೆ ಕಾಲುವೆ ನೀರು ಬಂದಹಾಗೆ. ಕೊನೆಯ ಮರ ಕಿವಿಯ ಹಿಂದಿನ ಚರ್ಮ. ನಿಕೋಟಿನ್ ರಕ್ತನಾಳವನ್ನು ಕಿರಿದು ಮಾಡುತ್ತದೆ, ಕೊನೆಯ ಮರಕ್ಕೆ ನೀರು ತಲುಪುವುದಿಲ್ಲ. ಅದಕ್ಕೇ ಸರ್ಜರಿಗೆ ಕನಿಷ್ಠ ನಾಲ್ಕು ವಾರ ಮುಂಚೆ, ಆಮೇಲೂ ನಾಲ್ಕು ವಾರ ಪೂರ್ತಿ ಬಿಡಬೇಕು. ಕಮ್ಮಿ ಮಾಡಿದ್ದೀನಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪೂ ಅದೇ. ಸಿಗರೇಟು ಬಿಡಲು ಅಗಿಯುವ ನಿಕೋಟಿನ್ ಗಮ್‌ನಲ್ಲೂ ನಿಕೋಟಿನ್ ಇದೆ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಡಾಕ್ಟರ್ ಕೇಳಿದಾಗ ಸುಳ್ಳು ಹೇಳಬೇಡ. ನಿಕೋಟಿನ್ ಒಳಗೆ ಹೋಗಿದೆಯಾ ಅಂತ ತಿಳಿಯಲು ಮೂತ್ರದಲ್ಲಿ ಕೋಟಿನಿನ್ ಅಂತ ಪರೀಕ್ಷೆ ಮಾಡಿಸುವ ಸರ್ಜನ್‌ಗಳೂ ಇದ್ದಾರೆ.

ಆಸ್ಪಿರಿನ್ ಮಾತ್ರ ನೀನಾಗಿ ನಿಲ್ಲಿಸಬೇಡ. ರಕ್ತ ತೆಳು ಮಾಡುವ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದೆರಡು ವಾರ ಮುಂಚೆ ಬಿಡಿಸುತ್ತಾರೆ, ನಿಜ. ಆದರೆ ನಿನಗೆ ಅದನ್ನು ಬರೆದುಕೊಟ್ಟವರು ಹೃದಯದ ಡಾಕ್ಟರ್. ನಿಲ್ಲಿಸಬಹುದಾ ಅಂತ ಅವರೇ ಹೇಳಬೇಕು. ಅವರು ಆಗಲ್ಲ ಅಂದರೆ ಸರ್ಜರಿಯೇ ಬೇಡ, ಅಲ್ಲಿಗೆ ಮಾತು ಮುಗಿಯಿತು. ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಮೀನೆಣ್ಣೆ ಗುಳಿಗೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ಇವೂ ರಕ್ತಸ್ರಾವ ಹೆಚ್ಚಿಸಬಹುದು. ನಾಟಿ ಔಷಧಿ ಪುಡಿ ಏನಾದರೂ ಇದ್ದರೆ ಡಬ್ಬಿ ಸಮೇತ ತಗೊಂಡು ಹೋಗಿ ತೋರಿಸು. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ಕೇಳೇ ಕೇಳುತ್ತಾರೆ. ತೂಕವೂ ಒಂದು ಕಡೆ ನಿಲ್ಲಬೇಕು. ನೀನು ಇನ್ನೂ ಇಳಿಯುತ್ತಲೇ ಇದ್ದೀಯ. ಈಗ ಎಳೆದು ಕಟ್ಟಿಸಿ, ಆಮೇಲೆ ಇನ್ನೈದು ಕೆಜಿ ಇಳಿದರೆ ಮತ್ತೆ ಜೋತುಬೀಳುತ್ತದೆ.

ಇದರಿಂದ ಏನು ಸಿಗುತ್ತದೆ ಅನ್ನುವುದೂ ಸ್ಪಷ್ಟವಾಗಿರಲಿ. ಇಳಿಬಿದ್ದ ಕೆನ್ನೆಯ ಕೆಳಭಾಗ, ದವಡೆಯ ಗೆರೆ, ಕತ್ತು, ಇವಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಣೆಯ ಸುಕ್ಕು, ಕಣ್ಣಿನ ಕೆಳಗಿನ ಚೀಲ, ತುಟಿ ಮೇಲಿನ ಸಣ್ಣ ಗೆರೆ, ಬಿಸಿಲಿಗೆ ಕಪ್ಪಾದ ಬಣ್ಣ, ಇದ್ಯಾವುದೂ ಇದರಿಂದ ಹೋಗುವುದಿಲ್ಲ. ನಿನಗೆ ಕಣ್ಣಿನ ಚೀಲದ್ದೇ ಜಾಸ್ತಿ ಚಿಂತೆ ಅಂದಿದ್ದೆ. ಅದಕ್ಕೆ ಬೇರೆ ಸರ್ಜರಿ ಇದೆ, ಇದಕ್ಕಿಂತ ಚಿಕ್ಕದು. ಡಾಕ್ಟರ್ ಹತ್ತಿರ ಮೊದಲು ಅದನ್ನೇ ಕೇಳು.

ಬರೀ ಚರ್ಮ ಎಳೆದು ಕಟ್ಟುತ್ತಾರಾ, ಅಡಿಯ ಪದರವನ್ನೂ ಎತ್ತುತ್ತಾರಾ ಅಂತಲೂ ಕೇಳು. ಚರ್ಮ ಮತ್ತು ಕೊಬ್ಬಿನ ಅಡಿಯಲ್ಲಿ ಸ್ಮ್ಯಾಸ್ ಅನ್ನುವ ತೆಳುವಾದ ಗಟ್ಟಿ ಪದರ ಇದೆ. 1976ರಲ್ಲಿ ಇಬ್ಬರು ಫ್ರೆಂಚ್ ಸರ್ಜನ್‌ಗಳು ಅದನ್ನು ಬಿಡಿಸಿ ವಿವರಿಸಿದರು. ಈಗ ಭಾರವನ್ನೆಲ್ಲ ಆ ಪದರದ ಮೇಲೆ ಹಾಕಿ, ಚರ್ಮವನ್ನು ಎಳೆಯದೆ ಹಾಗೇ ಕೂರಿಸುತ್ತಾರೆ. ಚರ್ಮವನ್ನೇ ಬಿಗಿದರೆ ಮುಖ ಗಾಳಿಗೆ ಎದುರಾಗಿ ನಿಂತವರ ಹಾಗೆ ಕಾಣುತ್ತದೆ, ಕಲೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಗೆ ಎಳೆದುಕೊಳ್ಳುತ್ತದೆ. ಗಂಡಸರಿಗೆ ಇನ್ನೊಂದು ವಿಷಯ ಇದೆ. ಚರ್ಮ ಹಿಂದಕ್ಕೆ ಸರಿದಾಗ ಗಡ್ಡವೂ ಕಿವಿಯ ಹತ್ತಿರಕ್ಕೆ ಸರಿಯುತ್ತದೆ. ಕಿವಿ ಮುಂದೆ ಕೂದಲಿಲ್ಲದ ಜಾಗ ಉಳಿಯುವ ಹಾಗೆ ಗೆರೆ ಎಲ್ಲಿ ಹಾಕಬೇಕು ಅಂತ ಮೊದಲೇ ಯೋಚಿಸಬೇಕು. ನಿನ್ನಂತೆ ಕೂದಲು ಸಣ್ಣಗೆ ಕತ್ತರಿಸುವವರಿಗೆ ಕಿವಿ ಹಿಂದಿನ ಕಲೆ ಮರೆಯಾಗುವುದಿಲ್ಲ. ಅದಕ್ಕೇ ಡಾಕ್ಟರ್ ಫೋಟೋ ತೋರಿಸುವಾಗ ಗಂಡಸರ ಫೋಟೋ ಕೇಳು. ಒಂದು ವರ್ಷ ಆದಮೇಲಿನದ್ದು, ಪಕ್ಕದಿಂದ ತೆಗೆದದ್ದು.

ಯಾರ ಹತ್ತಿರ ಅಂತ ನಾನು ಹೆಸರು ಹೇಳುವುದಿಲ್ಲ. ಆದರೆ ಇಷ್ಟು ನೋಡು. ಎಂಬಿಬಿಎಸ್ ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ಉನ್ನತ ಪದವಿ ಇರಬೇಕು. ಬೋರ್ಡಿನ ಮೇಲೆ ಕಾಸ್ಮೆಟಿಕ್ ಅಂತ ಬರೆದಿದ್ದರೆ ಸಾಲದು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಇದೆಯಾ, ಆಸ್ಪತ್ರೆಗೆ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯ ಪರವಾನಗಿ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡಳು. ಆಗ 21 ವರ್ಷ ಆ ಹುಡುಗಿಗೆ. ಸರ್ಜರಿ ಬೇರೆ, ಆದರೆ ಅಂದಿನಿಂದ ನಾನು ಯಾರಿಗೇ ಹೇಳಲಿ, ಮೊದಲು ಹೇಳುವುದು ಇದು: ಅರಿವಳಿಕೆ ಕೊಡುವ ಡಾಕ್ಟರ್ ಯಾರು, ಅವರು ಕೊನೆಯ ತನಕ ಇರುತ್ತಾರಾ, ಅದೇ ಕಟ್ಟಡದಲ್ಲಿ ಐಸಿಯು ಇದೆಯಾ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಇಷ್ಟನ್ನೂ ಕೇಳಿ ತಿಳಿದುಕೋ.

ದುಡ್ಡಿನ ವಿಷಯ ಚಿಕ್ಕದು. ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಬರುವುದಿಲ್ಲ. ಜಿಎಸ್‌ಟಿ ಕೂಡ ಹಾಕುತ್ತಾರೆ. ಮತ್ತೆ ಓಟಿಗೆ ಹೋಗಬೇಕಾಗಿ ಬಂದರೆ ಖರ್ಚು ಯಾರದು ಅಂತ ಬರೆಸಿಕೊಂಡಿರು.

ಆಮೇಲಿನ ದಿನಗಳ ಬಗ್ಗೆ ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಎರಡನೇ ಮೂರನೇ ದಿನ ಊತ ಏರುತ್ತದೆ. ಕಣ್ಣು, ಕತ್ತು ನೀಲಿಗಟ್ಟುತ್ತವೆ. ಅಕ್ಕ ಕನ್ನಡಿ ಮೇಲೆ ಟವೆಲ್ ಹಾಕಿಬಿಟ್ಟಿದ್ದಳು. ಎರಡನೇ ವಾರ ಸುಮ್ನೆ ಅಳುತ್ತಿದ್ದಳು. ಯಾಕಾದರೂ ಮಾಡಿಸಿಕೊಂಡೆನೋ ಅನ್ನುತ್ತಿದ್ದಳು. ತುಂಬ ಜನಕ್ಕೆ ಆ ಹೊತ್ತಿನಲ್ಲಿ ಮನಸ್ಸು ಕುಗ್ಗುತ್ತದಂತೆ, ಊತ ಇಳಿದಹಾಗೆ ಅದೂ ಇಳಿಯುತ್ತದಂತೆ. ಅವಳಿಗೂ ಇಳಿಯಿತು. ತಲೆ ಎತ್ತರಕ್ಕಿಟ್ಟೇ ಮಲಗಬೇಕು. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಬಾಯಿ ಅಗಲಿಸಲು ಆಗುವುದಿಲ್ಲ. ನಾಲ್ಕನೇ ದಿನ ಅಮ್ಮ ಸಣ್ಣ ಸಣ್ಣ ತುತ್ತಿನ ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ಕೊಟ್ಟರು, ಅಗಿಯೋ ಕೆಲಸ ಇಲ್ಲ. ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡಳು. ಹೊಲಿಗೆ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡ, ಯಾರೇ ಹೇಳಲಿ. ಹೆಲ್ಮೆಟ್ ಕಿವಿಯ ಗೆರೆಯನ್ನು ಉಜ್ಜುತ್ತದೆ, ಡಾಕ್ಟರ್ ಹೇಳುವ ತನಕ ಸ್ಕೂಟರ್ ಬೇಡ.

ಕಿವಿ, ಕೆನ್ನೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಅಕ್ಕನಿಗೆ ಓಲೆ ಹಾಕಿಕೊಂಡದ್ದೇ ಗೊತ್ತಾಗುತ್ತಿರಲಿಲ್ಲ. ನೀನು ಬ್ಲೇಡ್ ಬಿಟ್ಟು ಟ್ರಿಮ್ಮರ್ ಬಳಸು. ಕೊಯ್ದರೂ ಗೊತ್ತಾಗುವುದಿಲ್ಲ. ಮುಖ ಆಡಿಸುವ ನರಕ್ಕೆ ಪೆಟ್ಟಾಗಿ ತುಟಿಯೋ ಹುಬ್ಬೋ ಒಂದು ಕಡೆ ಸೋಲುವುದು ಅಪರೂಪ. ಆದರೂ ಬಹುತೇಕ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಬಹಳ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತಿಲ್ಲ. ಸಹಿ ಹಾಕುವಾಗ ಅದನ್ನು ಓದಿಯೇ ಹಾಕು. ಎರಡು ಮೂರು ವಾರಕ್ಕೆ ಹೊರಗೆ ಹೋಗಬಹುದು. ಮುಖ ಪೂರ್ತಿ ನಿನ್ನದು ಅನ್ನಿಸಲು ಆರು ತಿಂಗಳು, ಕಲೆ ಮಾಸಲು ವರ್ಷ.

ಈಗ ಲೆಕ್ಕ ಹಾಕು. ಮದುವೆಗೆ ಇರುವುದು ಐದು ವಾರ. ಸಿಗರೇಟು ಬಿಡುವುದಕ್ಕೇ ನಾಲ್ಕು ಹೋಯಿತು. ಧಾರೆ ಎರೆಯುವ ಹೊತ್ತಿಗೆ ನೀನು ಊದಿದ ಮುಖ, ಸೋರುವ ಕಿವಿ ಹೊತ್ತು ನಿಲ್ಲಬೇಕಾ? ಮಗಳಿಗೆ ಅವತ್ತು ಬೇಕಾಗಿರುವುದು ಅವಳು ನೋಡುತ್ತಾ ಬೆಳೆದ ಅಪ್ಪನ ಮುಖ. ಮದುವೆ ಮುಗಿಯಲಿ. ತೂಕ ನಿಲ್ಲಲಿ. ಮಳೆಗಾಲದ ಹೊತ್ತಿಗೆ ನಿನಗೆ ಇನ್ನೂ ಬೇಕು ಅನ್ನಿಸಿದರೆ ನಾನೇ ಜೊತೆಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ, ಅದರ ಹತ್ತಿರವೇ ರೂಮ್ ಮಾಡಿ ಮೂರು ರಾತ್ರಿ. ಎರಡು ಗಂಟೆಗೊಮ್ಮೆ ಎದ್ದು ಟಾರ್ಚ್ ಹಾಕಿ ಎರಡೂ ಕೆನ್ನೆ ನೋಡುತ್ತೇನೆ. ಈ ಸಲ ಎಷ್ಟೇ ಹೇಳು, ಬೇಗ ಮನೆಗೆ ಕರೆದುಕೊಂಡು ಬರುವುದಿಲ್ಲ.

ಭಾನುವಾರ ಆರು ಗಂಟೆಗೆ ಕೆರೆ ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ಬಿಪಿ ಬರೆಯುವ ಪುಸ್ತಕ ತಗೊಂಡು ಬಾ. ಸಿಗರೇಟು ಪ್ಯಾಕ್ ಮನೆಯಲ್ಲೇ ಬಿಟ್ಟು ಬಾ.

ನಿನ್ನ,
ಹಳೇ ಬೆಂಚಿನ ಗೆಳೆಯ