ಸಿಟಿ ಮಾರ್ಕೆಟ್ಟಿನ ಹೂವಿನ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳಲಿಲ್ಲ, ಅದು ನನ್ನ ತಪ್ಪು. ಉತ್ಥಾನ ದ್ವಾದಶಿ ಕಳೆದ ಮೇಲೆ ತಂಗಿಯ ಮದುವೆ, ಬೆಳಗಿನ ಜಾವ 5 ಗಂಟೆಗೇ ಕೆ.ಆರ್. ಮಾರ್ಕೆಟ್ಟಿಗೆ ಬಂದು, ಮಂಟಪಕ್ಕೆಲ್ಲ ಮಲ್ಲಿಗೆಯೇ ಬೇಕು ಅಂತ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾ ಅಲೆಯುತ್ತಿದ್ದವನು ನಾನೇ. ರೇಟು ಕೇಳಿ ಎದೆ ಧಸಕ್ಕೆಂದಿತ್ತು.

"ಏನಪ್ಪಾ, ಚಳಿ ಶುರುವಾದ್ಮೇಲೆ ಮಲ್ಲಿಗೆ ಎಲ್ಲಿ ಜಾಸ್ತಿ ಬರ್ತದೆ? ಈಗ ಸೇವಂತಿಗೆ ಕಾಲ" ಅಂದಿರಿ. ನೀವು ಮಾರುತ್ತಿದ್ದದ್ದೇ ಮಲ್ಲಿಗೆ! ಸುಮ್ನೆ ಮಾರಿಬಿಡಬಹುದಿತ್ತು, ಅಲ್ವಾ?

ಹಗಲು ಚಿಕ್ಕದಾದಂತೆ ಸೇವಂತಿಗೆ ಮೊಗ್ಗು ಬಿಡುತ್ತದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮಂಟಪಕ್ಕೆ ಹಳದಿ, ಬಿಳಿ ಸೇವಂತಿಗೆ, ಬಾಗಿಲಿಗೆ ಮಾವಿನೆಲೆ ಜೊತೆ ಚೆಂಡು ಹೂವು, ಹಾರಕ್ಕೆ ಸುಗಂಧರಾಜ, ಜಡೆಗೆ ಕಾಕಡ, ಕನಕಾಂಬರ ಅಂತ ನೀವೇ ಲೆಕ್ಕ ಹಾಕಿಕೊಟ್ಟಿರಿ. ಕಾಕಡಕ್ಕೆ ಘಮ ಕಡಿಮೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಆಮೇಲೆ ಮೂಟೆಯೊಳಗೆ ಕೈ ಹಾಕಿ ನೋಡಲು ಕಲಿಸಿದಿರಿ: ಒಳಗೆ ಬಿಸಿ ಇದ್ದರೆ ಹೂವು ಕೊಳೆಯಲು ಶುರುವಾಗಿದೆ, ಮಳೆಯಲ್ಲಿ ನೆನೆದದ್ದನ್ನು ಮುಟ್ಟಲೇಬೇಡ, ನಡುಭಾಗ ಇನ್ನೂ ಬಿಗಿಯಾಗಿರುವುದನ್ನೇ ಆರಿಸು. ಎರಡು ಮೂಟೆ ಹಾಗೇ ವಾಪಸ್ ಕೊಟ್ಟೆ, ಅಂಗಡಿಯವರು ಗುರಾಯಿಸಿದರು.

ಮದುವೆ ಮುಗಿದು ಮರುದಿನವೂ ಮಂಟಪದ ಸೇವಂತಿಗೆ ಬಾಡಿರಲಿಲ್ಲ. ನಿಮ್ಮಿಂದ ನಾನು ಕೊಂಡದ್ದು ಧಾರೆಗೆಂದು ಎರಡೇ ಮಾರು ಮಲ್ಲಿಗೆ, ಅದಕ್ಕೂ ನೀವು ಒಂದು ಮೊಳ ಜಾಸ್ತಿ ಅಳೆದಿರಿ. ತುಂಬಾ ಥ್ಯಾಂಕ್ಸ್ ಅಮ್ಮಾ. ಜಡೆಯ ಫೋಟೋ ಪ್ರಿಂಟ್ ಹಾಕಿಸಿದ್ದೇನೆ, ಭಾನುವಾರ ತರುತ್ತೇನೆ.