ಮಕ್ಕಳ ಪ್ರಶ್ನೆಗೆ ಉತ್ತರವಿಲ್ಲದ ಮಕ್ಕಳ ಗ್ರಾಮ ಸಭೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಗುರುವಾರ ಬಂದ ‘ಅರ್ಥಪೂರ್ಣ ಮಕ್ಕಳ ಗ್ರಾಮ ಸಭೆ’ ವರದಿಯನ್ನು ಓದಿ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಮಕ್ಕಳ ಅಹವಾಲು ಕೇಳಲೆಂದು ಗ್ರಾಮ ಪಂಚಾಯಿತಿ ನಡೆಸಿದ ಆ ಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕುಳಿತಿದ್ದವನು ನಾನು. ದೀಪ ಹಚ್ಚಿದವರು ಯಾರು, ಹಾರ ಹಾಕಿಸಿಕೊಂಡವರು ಯಾರು, ವೇದಿಕೆಯಲ್ಲಿ ಯಾರ ಪಕ್ಕ ಯಾರು ಕುಳಿತಿದ್ದರು ಎನ್ನುವುದೆಲ್ಲ ವರದಿಯಲ್ಲಿದೆ. ಮಕ್ಕಳು ಏನು ಕೇಳಿದರು, ಅವರಿಗೆ ಏನು ಉತ್ತರ ಸಿಕ್ಕಿತು ಎಂಬುದಕ್ಕೆ ಒಂದು ಸಾಲೂ ಇಲ್ಲ. ಅದನ್ನು ನಾನು ಬರೆಯುತ್ತೇನೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಸಭೆ ಬೆಳಿಗ್ಗೆ ಹತ್ತೂವರೆಗೆ ಎಂದು ಚೀಟಿ ಬಂದಿತ್ತು. ಮೊಮ್ಮಗಳು ಒಂಬತ್ತನೇ ತರಗತಿ, ಮೊಮ್ಮಗ ಐದನೇ ತರಗತಿ. ಅವರ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಪೋಷಕನಾಗಿ ನಾನು ಹೋದೆ. ಅದೇ ದಿನ ತಾಲ್ಲೂಕು ಕೇಂದ್ರದಲ್ಲಿ ಮೂಳೆ ವೈದ್ಯರನ್ನು ಕಾಣಬೇಕಿತ್ತು. ಅವರು ಬರುವುದೇ ವಾರಕ್ಕೊಮ್ಮೆ. ಹನ್ನೆರಡಕ್ಕೆ ಸಭೆ ಮುಗಿದರೆ ಹನ್ನೆರಡೂಕಾಲಿನ ಬಸ್ ಹಿಡಿಯಬಹುದು ಎಂದುಕೊಂಡಿದ್ದೆ. ಅಧಿಕಾರಿಗಳ ಜೀಪು ಕೆರೆ ಏರಿಯ ಮೇಲೆ ಕಾಣಿಸಿದಾಗ ಒಂದು ಗಂಟೆ ಹತ್ತು ನಿಮಿಷ. ನಾಲ್ಕು ಶಾಲೆಯ ಮಕ್ಕಳಿಗೆ ಹಾಕಿದ್ದ ಶಾಮಿಯಾನ ಅರ್ಧ ಮೈದಾನಕ್ಕೂ ಸಾಲದೆ ಹಿಂದಿನ ಸಾಲಿನವರು ಬಿಸಿಲಿನಲ್ಲಿದ್ದರು. ಒಂದನೇ ತರಗತಿಯ ಮಗುವೊಂದು ನನ್ನ ಮೊಣಕಾಲಿಗೆ ಒರಗಿ ನಿದ್ದೆ ಹೋಯಿತು. ನೋವಿರುವ ಕಾಲು ಅದೇ. ಅಲ್ಲಾಡಿಸಿದರೆ ಮಗುವಿಗೆ ಎಚ್ಚರವಾಗುತ್ತದೆಂದು ಮುಕ್ಕಾಲು ಗಂಟೆ ಹಾಗೆಯೇ ಕುಳಿತೆ. ಬಸ್ಸೂ ಹೋಯಿತು, ವೈದ್ಯರೂ ಹೋದರು, ಮಕ್ಕಳ ಬಿಸಿಯೂಟ ಆರಿ ತಣ್ಣಗಾಯಿತು. ತಡವಾದದ್ದಕ್ಕೆ ಬಂದವರ ಬಾಯಿಂದ ಒಂದು ಮಾತು ಬರಲಿಲ್ಲ.

ಒಂದು ತಿಂಗಳ ಹಿಂದೆ ಶಾಲೆಯ ಗೋಡೆಗೆ ‘ಮಕ್ಕಳ ಧ್ವನಿ’ ಎಂದು ಬರೆದ ತಗಡಿನ ಪೆಟ್ಟಿಗೆಯನ್ನು ನೇತುಹಾಕಿದ್ದರು. ಊರಿನ ಕೊರತೆಗಳನ್ನು ಬರೆದು ಅದರಲ್ಲಿ ಹಾಕಿ, ಸಭೆಯಲ್ಲಿ ಓದುತ್ತೇವೆ ಎಂದಿದ್ದರು. ನಮ್ಮ ಮನೆಯ ಐದನೇ ತರಗತಿಯವನು ಮೂರು ಸಲ ಹರಿದು ನಾಲ್ಕನೇ ಸಲ ಹಳದಿ ಹಾಳೆಯಲ್ಲಿ ಬರೆದ. ‘ಚರಂಡಿ’ಗೆ ಯಾವ ಡ ಎಂದು ನನ್ನನ್ನು ಎರಡು ಸಲ ಕೇಳಿದ್ದ. ಸಭೆಯ ದಿನ ಆ ಪೆಟ್ಟಿಗೆಯನ್ನು ತಂದು ದೀಪದ ಕಂಬದ ಪಕ್ಕ ಇಟ್ಟರು. ಆಮೇಲೆ ಬೀಗದ ಕೈಗಾಗಿ ಹುಡುಕಾಟ. ಒಬ್ಬರು ಕಚೇರಿಯಲ್ಲಿದೆ ಎಂದರು, ಇನ್ನೊಬ್ಬರು ರಜೆಯಲ್ಲಿರುವ ಕರವಸೂಲಿಗಾರರ ಹತ್ತಿರ ಇದೆ ಎಂದರು. ‘ಆಮೇಲೆ ತೆಗೆದು ನೋಡುತ್ತೇವೆ’ ಎಂದು ಘೋಷಿಸಿ ಪೆಟ್ಟಿಗೆಯೊಂದಿಗೆ ಫೋಟೊ ತೆಗೆಸಿಕೊಂಡರು. ನಿಮ್ಮ ಪತ್ರಿಕೆಯಲ್ಲಿ ಬಂದಿರುವುದು ಅದೇ ಫೋಟೊ. ಮರುದಿನ ಪೆಟ್ಟಿಗೆ ಮತ್ತೆ ಗೋಡೆಯ ಮೇಲಿತ್ತು. ಹುಡುಗ ಸಂಜೆ ಬಂದು, ‘ತಾತ, ಸಂದಿಯಲ್ಲಿ ನೋಡಿದೆ, ನನ್ನ ಹಳದಿ ಹಾಳೆ ಒಳಗೇ ಇದೆ’ ಎಂದ.

ಮೊಮ್ಮಗಳು ಎದ್ದು ನಿಂತು ಎರಡು ಪ್ರಶ್ನೆ ಕೇಳಿದಳು. ಹೆಣ್ಣುಮಕ್ಕಳ ಶೌಚಾಲಯದ ಮೋಟಾರು ದಸರೆಗೆ ಮೊದಲೇ ಸುಟ್ಟುಹೋಗಿದೆ, ನೀರಿಲ್ಲ, ಆದ್ದರಿಂದ ಹುಡುಗಿಯರು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ, ಯಾವಾಗ ಸರಿಮಾಡಿಸುತ್ತೀರಿ ಎಂಬುದು ಒಂದು. ಎರಡನೆಯದು: ‘ಸರ್, ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಮೂರು ಹಂತದ ಪಂಚಾಯಿತಿ ಇದೆ ಎಂದು ಪಾಠದಲ್ಲಿದೆ. ನಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರು?’ ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ ಇತ್ತು. ಅದು ನಡುಗುತ್ತಿದ್ದುದು ನಾನು ಕುಳಿತಲ್ಲಿಗೆ ಕಾಣುತ್ತಿತ್ತು. ಅಧಿಕಾರಿ ಪಕ್ಕದವರ ಮುಖ ನೋಡಿ ನಕ್ಕು, ‘ಅದೆಲ್ಲ ದೊಡ್ಡವರ ವಿಷಯ ಪುಟ್ಟಾ, ನೀನು ಚೆನ್ನಾಗಿ ಓದಿ ಐಎಎಸ್ ಮಾಡು’ ಎಂದರು. ಚಪ್ಪಾಳೆ ತಟ್ಟಿಸಿದರು. ಮೋಟಾರಿನ ಮಾತೇ ಬರಲಿಲ್ಲ.

ಆ ಪ್ರಶ್ನೆಗೆ ಉತ್ತರವಿತ್ತು, ಒಂದು ನಿಮಿಷದ ಉತ್ತರ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಅಂದಿನಿಂದ ಸದಸ್ಯರೂ ಇಲ್ಲ, ಚುನಾವಣೆಯೂ ಇಲ್ಲ, ಇರುವುದು ಆಡಳಿತಾಧಿಕಾರಿ. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ನಡೆಸಬೇಕೆಂದು 73ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲೇ ಬರೆದಿದೆ, ಅದು 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೂ ಇದೇ ಕಥೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಮೂರು ಕಾರಣಗಳನ್ನು ತಿರುಗಿಸಿ ತಿರುಗಿಸಿ ಹೇಳುತ್ತಾ ಬಂದಿದ್ದಾರೆ. ಈ ಅವಧಿಯಲ್ಲಿ ಎರಡು ಪಕ್ಷದವರು ಸರ್ಕಾರ ನಡೆಸಿದರು, ಯಾರಿಗೂ ನಾಚಿಕೆಯಾಗಲಿಲ್ಲ. ಪರೀಕ್ಷೆಯಲ್ಲಿ ‘ಮೂರು ಹಂತಗಳನ್ನು ಹೆಸರಿಸಿ’ ಎಂದು ಕೇಳಿ ಅಂಕ ಕೊಡುತ್ತೇವೆ, ಅದೇ ಮಗು ಎದ್ದು ಎರಡು ಹಂತ ಎಲ್ಲಿ ಹೋಯಿತು ಎಂದರೆ ಐಎಎಸ್ ಮಾಡು ಎನ್ನುತ್ತೇವೆ.

ನಾನು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಪೌರನೀತಿ ಎಂದರೆ ಬಾಯಿಪಾಠ ಎಂದು ಮಾಡಿದವರಲ್ಲಿ ನಾವೂ ಇದ್ದೇವೆ, ಒಪ್ಪುತ್ತೇನೆ. ಆದರೆ ಬೇರೆ ದಾರಿಯೂ ಇತ್ತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ (ಕೆಲವು ಊರುಗಳಿಗೆ ಸೇರಿ ಒಂದು)ಗಳ ಮೊದಲ ಚುನಾವಣೆ ನಡೆದಾಗ ನಾನು ಇನ್ನೂ ಹೊಸ ಮೇಷ್ಟ್ರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಕೊಳವೆಬಾವಿ ತೆಗೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ದೇಶದ ಕಾನೂನು ಬರುವ ಎಷ್ಟೋ ವರ್ಷ ಮೊದಲೇ ನಮ್ಮ ರಾಜ್ಯದ ಅಂದಿನ ಪಂಚಾಯಿತಿ ಕಾಯ್ದೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ನಾನು ಎಂಟನೇ ತರಗತಿಯವರನ್ನು ಕಟ್ಟಿಕೊಂಡು ಮಂಡಲ ಪಂಚಾಯಿತಿ ಕಚೇರಿಗೆ ಹೋದೆ. ಪ್ರಧಾನರು ಓದು ಬರಹ ಹೆಚ್ಚು ಬಲ್ಲವರಲ್ಲ. ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ, ಜಮಾ ಖರ್ಚಿನ ಪುಸ್ತಕ ತೆಗೆದು, ನಿಮ್ಮ ಊರಿನ ಕೊಳವೆಬಾವಿಗೆ ಇಷ್ಟು, ದಾರಿ ದೀಪಕ್ಕೆ ಇಷ್ಟು ಎಂದು ಬೆರಳಿಟ್ಟು ತೋರಿಸಿದರು. ಆ ತರಗತಿಯವರು ಈಗ ಐವತ್ತು ದಾಟಿದ್ದಾರೆ. ಸಿಕ್ಕಾಗ ಆ ದಿನದ ಮಾತು ತೆಗೆಯುತ್ತಾರೆಯೇ ಹೊರತು ನಾನು ಬರೆಸಿದ ಟಿಪ್ಪಣಿಯ ಮಾತನ್ನು ಒಬ್ಬರೂ ಎತ್ತುವುದಿಲ್ಲ.

ನಾಲ್ಕು ಐದನೇ ತರಗತಿಯ ಮಗುವಿಗೆ ವಿಧಿ, ಪರಿಚ್ಛೇದ ಬೇಡ. ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳಬೇಕು, ನಲ್ಲಿ ನೀರು ಯಾರು ಬಿಡುತ್ತಾರೆ ಎಂದು ತಿಳಿದರೆ ಸಾಕು. ಏಳನೆಯದರಲ್ಲಿ ಪಡಿತರ ಅಂಗಡಿಯ ಫಲಕ ಓದಿಸಿ, ಮತದಾರರ ಪಟ್ಟಿಯಲ್ಲಿ ಮನೆಯವರ ಹೆಸರು ಹುಡುಕಿಸಿ. ಒಂಬತ್ತು ಹತ್ತಕ್ಕೆ ಬಂದಾಗ ಪಂಚಾಯಿತಿಯ ಬಜೆಟ್ ಕೈಗೆ ಕೊಡಿ, ಮಾಹಿತಿ ಹಕ್ಕಿನ ಅರ್ಜಿ ಬರೆಸಿ. ಮೂರು ನಾಲ್ಕು ವರ್ಷದಲ್ಲಿ ಈ ಮಕ್ಕಳು ಹದಿನೆಂಟು ತುಂಬಿ ಮತ ಹಾಕುವವರು. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ಕಟ್ಟಿಕೊಂಡು ಹಳ್ಳ ದಾಟಲು ಕಾಲುಸಂಕ (ಕಿರುಸೇತುವೆ) ಬೇಕೆಂದು ಕೇಳಿದ್ದರು. ಇದೇ ರಾಜ್ಯ, ಇದೇ ಕಾನೂನು. ನಮ್ಮಲ್ಲಿ ಮಾತ್ರ ಮಕ್ಕಳು ಕೇಳಬಾರದು, ಕೇಳಿದರೆ ಚಪ್ಪಾಳೆ ಹೊಡೆದು ಕೂರಿಸಬೇಕು!

ಕಲಿಸಬೇಕಾದ ಮೇಷ್ಟ್ರನ್ನಾದರೂ ತರಗತಿಯಲ್ಲಿ ಬಿಡುತ್ತಾರೆಯೇ? ಮತದಾರರ ಪಟ್ಟಿಗೆ ಅವರೇ, ಗಣತಿಗೆ ಅವರೇ. 2025ರ ದಸರಾ ರಜೆಯನ್ನು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದರು. ಮೊಮ್ಮಗಳ ರಾಜ್ಯಶಾಸ್ತ್ರದ ಪಾಠಗಳು ಅಲ್ಲಿಂದಲೇ ಹಿಂದೆ ಬಿದ್ದಿವೆ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯೆಂದು ರಾಜ್ಯವೆಲ್ಲ ಗದ್ದಲ, ಸರ್ಕಾರ ಬದಲಾದ ಮೇಲೆ 2023ರಲ್ಲಿ ಮತ್ತೆ ತಿದ್ದುಪಡಿ. 2024ರ ಸೆಪ್ಟೆಂಬರ್ 15ರಂದು ಬೀದರ್‌ನಿಂದ ಚಾಮರಾಜನಗರದವರೆಗೆ ಪ್ರಜಾಪ್ರಭುತ್ವದ ಹೆಸರಿನಲ್ಲಿ ಮಾನವ ಸರಪಳಿ ಕಟ್ಟಿದರು. ಸಂವಿಧಾನ ಪೀಠಿಕೆಯನ್ನು ನಮ್ಮ ಮಕ್ಕಳು ಕಣ್ಣು ಮುಚ್ಚಿ ಹೇಳಬಲ್ಲರು, ಅದು ನನಗೆ ಸಂತೋಷವೇ. ಮೇಜಿನ ಆಚೆ ಕುಳಿತವರೂ ಅದನ್ನು ಒಮ್ಮೆ ಓದಲಿ.

ಈ ಪಂಚಾಯಿತಿ ಕಚೇರಿಯ ನಡವಳಿಕೆ ನನಗೆ ಹೊಸದಲ್ಲ. ಮನೆಯ ಇ-ಸ್ವತ್ತಿಗಾಗಿ (ಕಂಪ್ಯೂಟರಿನಲ್ಲಿ ಕೊಡುವ ಆಸ್ತಿ ದಾಖಲೆ) ಏಳು ಸಲ ಅಲೆದಿದ್ದೇನೆ. ಮೊದಲು ಸರ್ವರ್ ಇಲ್ಲ, ಆಮೇಲೆ ಸಹಿ ಇಲ್ಲ, ಆಮೇಲೆ ಕಡತವೇ ಇಲ್ಲ. ಮೂರು ವರ್ಷದ ಹಿಂದೆ ದಾರಿ ದೀಪಕ್ಕೆಂದು ಕೊಟ್ಟ ಅರ್ಜಿಗೆ ಹಿಂಬರಹವೂ ಬಂದಿಲ್ಲ. ನಿವೃತ್ತ ಮೇಷ್ಟ್ರಿಗೆ ಹೀಗೆ ಮಾಡಿದರೆ ಸಹಿಸಿಕೊಳ್ಳಬಹುದು. ಮಕ್ಕಳನ್ನು ತಾವೇ ಕರೆದು, ಬಿಸಿಲಿನಲ್ಲಿ ಕೂರಿಸಿ, ಹೀಗೆ ಮಾಡುವುದನ್ನು ಸಹಿಸಲಾರೆ.

ಇನ್ನೊಂದು ಸಂಗತಿ ಬಿಟ್ಟಿದ್ದೆ. ಕೊನೆಗೆ ನಡಾವಳಿ ಪುಸ್ತಕವನ್ನು ಮಕ್ಕಳ ಸಹಿಗೆಂದು ಕಳುಹಿಸಿದರು. ನನ್ನ ಮುಂದೆ ಹಾದು ಹೋಗುವಾಗ ನೋಡಿದೆ. ನಿರ್ಣಯಗಳ ಜಾಗ ಖಾಲಿ, ಕೆಳಗೆ ಮಾತ್ರ ಸಹಿಗೆ ಗೆರೆ ಎಳೆದಿತ್ತು. ಮಕ್ಕಳು ಒಂದೇ ಪೆನ್ನನ್ನು ಕೈಯಿಂದ ಕೈಗೆ ದಾಟಿಸುತ್ತಾ, ಸಾಲು ತಪ್ಪದಂತೆ, ಪೂರ್ತಿ ಹೆಸರು ಬರೆದರು. ಬರೆಯದ ಕಾಗದಕ್ಕೆ ಸಹಿ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಅಲ್ಲಿ ಕುಳಿತೂ ತಡೆಯಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ಜಿಲ್ಲಾ ಪಂಚಾಯಿತಿಯ ಮೇಲಧಿಕಾರಿಗಳು ಈ ಪತ್ರ ಓದಿದರೆ ಸಭೆಯನ್ನು ರದ್ದುಪಡಿಸಿ ಮತ್ತೊಮ್ಮೆ ಸರಿಯಾಗಿ ನಡೆಸಲಿ, ಪೆಟ್ಟಿಗೆಯ ಬೀಗ ಒಡೆದಾದರೂ ಪ್ರತಿಯೊಂದು ಚೀಟಿಯನ್ನೂ ಮಕ್ಕಳ ಎದುರಿಗೇ ಓದಲಿ. ಅದಾಗದಿದ್ದರೆ ಮಕ್ಕಳ ಗ್ರಾಮ ಸಭೆ ಎಂಬುದನ್ನೇ ನಿಲ್ಲಿಸಿಬಿಡಲಿ, ಮಕ್ಕಳು ಆ ಹೊತ್ತಿನಲ್ಲಿ ಎರಡು ಪಾಠವನ್ನಾದರೂ ಕೇಳಲಿ. ಚುನಾವಣೆ ನಡೆಸಬೇಕಾದವರು ಚುನಾವಣೆ ನಡೆಸಲಿ. ನೀವೂ ಮುಂದಿನ ಸಲ ವರದಿಗಾರರನ್ನು ದೀಪ ಹಚ್ಚುವ ಹೊತ್ತಿಗೆ ಮಾತ್ರ ಕಳುಹಿಸಬೇಡಿ. ಇಂದು ಬೆಳಿಗ್ಗೆ ವಿಚಾರಿಸಿದೆ, ಮೋಟಾರು ಇನ್ನೂ ಬಿಚ್ಚಿಲ್ಲ. ಹುಡುಗಿಯರು ಈಗಲೂ ನೀರಿನ ಬಾಟಲಿಯನ್ನು ತುಂಬಿದ ಹಾಗೆಯೇ ಮನೆಗೆ ತರುತ್ತಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
(ಹೆಸರು, ಊರು ಪ್ರಕಟಿಸಬೇಡಿ. ಮೊಮ್ಮಕ್ಕಳು ಅಲ್ಲಿಯೇ ಓದಬೇಕು.)